ಮಣ್ಣು ಹೊತ್ತವರ ಲೆಕ್ಕ
(ಸಖರಾಯಪಟ್ಟಣದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಗೆಳೆಯರೇ,

ಅಯ್ಯನಕೆರೆ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಏರಿ ಮೇಲೆ ನಿಂತು ಶಕುನಗಿರಿ ನೋಡಿ ಖುಷಿಪಡ್ತಾರೆ. ಕೆರೆ ಕಟ್ಟಿಸಿದವನು ರುಕ್ಮಾಂಗದ ರಾಯ ಅಂತ ಕಥೆ ಇದೆ. ಕಟ್ಟಿಸಿದವನ ಹೆಸರು ಉಳೀತು. ಮಣ್ಣು ಹೊತ್ತವರ ಹೆಸರು ಎಲ್ಲಿ?

ಇದು ರಾಜರ ಕಾಲದ ಮಾತಷ್ಟೇ ಅಲ್ಲ. 1876-78ರ ಬರದಲ್ಲಿ ಮೈಸೂರು ಸೀಮೆ ಸ್ಮಶಾನವಾಯಿತು. 1871ರ ಗಣತಿಯಲ್ಲಿ 50 ಲಕ್ಷ ಇದ್ದ ಜನ 1881ಕ್ಕೆ 42 ಲಕ್ಷಕ್ಕೆ ಇಳಿದರು. ಆಗ ಸರ್ಕಾರ ಬರ ಕಾಮಗಾರಿ ತೆರೆಯಿತು. ಹಸಿದವರು ರಸ್ತೆಗೆ ಜಲ್ಲಿ ಒಡೆದರು, ಬೆಂಗಳೂರು-ಮೈಸೂರು ರೈಲುದಾರಿಗೆ ಮಣ್ಣು ಹೊತ್ತರು. ಪಕ್ಕದ ಮದ್ರಾಸು ಪ್ರಾಂತ್ಯದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಪುಡಿಗಾಸು ಸಾಕು ಅಂದ. ಅರ್ಧ ಕೆಜಿಗೂ ಕಡಿಮೆ! ಕಲ್ಲು ಒಡೆಯೋ ರಟ್ಟೆಗೆ ಅಷ್ಟು ಸಾಲುತ್ತಾ? 1882ರಲ್ಲಿ ರೈಲು ಮೈಸೂರು ಮುಟ್ಟಿತು. ಕೀರ್ತಿ ಸರ್ಕಾರಕ್ಕೆ ಹೋಯಿತು.

ಅಮೆರಿಕದಲ್ಲೂ ಹೀಗೇ. ವರ್ಜೀನಿಯಾದ ಶೆನಂಡೋವಾ ರಾಷ್ಟ್ರೀಯ ಉದ್ಯಾನದಲ್ಲಿ, ಬೆಟ್ಟಸಾಲಿನ ನೆತ್ತಿ ಮೇಲೆ 105 ಮೈಲಿ ಉದ್ದದ ಸ್ಕೈಲೈನ್ ರಸ್ತೆ ಇದೆ. 1931ರಲ್ಲಿ ಬರ ಪರಿಹಾರದ ಹಣದಿಂದ ಕೆಲಸ ಶುರುವಾಯಿತು. 1933ರಿಂದ ನಿರುದ್ಯೋಗಿ ಹುಡುಗರ ಸರ್ಕಾರಿ ಪಡೆ ಬಂದು ಕಲ್ಲುಗೋಡೆ ಕಟ್ಟಿತು, ಗಿಡ ನೆಟ್ಟಿತು. ನಿಮ್ಮ ವಯಸ್ಸಿನವರೇ. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ 25 ಮನೆಗೆ. ಬಣ್ಣ ನೋಡಿ ಭೇದ ಮಾಡಕೂಡದು ಅಂತ ಆ ಪಡೆಯ ಕಾನೂನಿನಲ್ಲೇ ಬರೆದಿತ್ತು. ಬರೆಸಿದವರು ಆಗ ಅಲ್ಲಿನ ಸಂಸತ್ತಿನಲ್ಲಿದ್ದ ಒಬ್ಬರೇ ಕಪ್ಪು ಸದಸ್ಯ, ಆಸ್ಕರ್ ಡಿ ಪ್ರೀಸ್ಟ್. ಆದರೂ ಕಪ್ಪು ಹುಡುಗರಿಗೆ ಬೇರೆ ಕ್ಯಾಂಪು ಮಾಡಿದರು. 1939ರಲ್ಲಿ ಅದೇ ಉದ್ಯಾನದ ಲೂಯಿಸ್ ಮೌಂಟನ್‌ನಲ್ಲಿ ಕಪ್ಪು ಜನ ತಂಗೋಕೆ ಅಂತ ಬೇರೆ ಜಾಗ ತೆರೆದರು. ನಮಗೆ ಊರಾಚೆ ಕೇರಿ ಮಾಡಿದ ಹಾಗೆ.

ಕಾನೂನು ಬರೆದ ಮಾತ್ರಕ್ಕೆ ಕೈಗೆ ಬರೋದಿಲ್ಲ. ಕೆರೆ ಎಲ್ಲರದೂ ಅಂತ ಮಹಾಡದ ಪುರಸಭೆ ಮೊದಲೇ ಠರಾವು ಮಾಡಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ನಡೆದು ಹೋಗಿ ನೀರು ಕುಡಿಯೋವರೆಗೂ ಅದು ಬರೀ ಕಾಗದ.

2005ರಲ್ಲಿ ಉದ್ಯೋಗ ಖಾತ್ರಿ ಕಾನೂನು ಬಂತು. ವರ್ಷಕ್ಕೆ 100 ದಿನದ ಕೆಲಸ ದಾನವಲ್ಲ, ಹಕ್ಕು ಅಂದಿತು. ಕಾನೂನಿನ ಹೆಸರು, ದಿನದ ಲೆಕ್ಕ ಬದಲಾಗಬಹುದು. ಹಕ್ಕು ಬಿಡಬಾರದು.

ಅದಕ್ಕೇ ಓದು ಬಲ್ಲ ನಾವು ಒಂದು ಕೆಲಸ ಮಾಡೋಣ. ರಜೆಗೆ ಊರಿಗೆ ಹೋದಾಗ ಗ್ರಾಮಸಭೆಯಲ್ಲಿ ಕೂಲಿಯ ಹಾಜರಿ ಪಟ್ಟಿ ಕೇಳೋಣ. ಗಟ್ಟಿಯಾಗಿ ಓದೋಣ. ದುಡಿದವರ ಹೆಸರು ಇದೆಯಾ, ದುಡಿಯದವರ ಹೆಸರು ಸೇರಿದೆಯಾ, ದುಡ್ಡು ಕೈ ಸೇರಿತಾ ಅಂತ ನಮ್ಮ ಅವ್ವ ಅಪ್ಪಂದಿರ ಎದುರೇ ಕೇಳೋಣ.

ಜೈ ಭೀಮ್.