ಕುದುರೆಯ ದಾರಿ

ಹಿರೇಬೆಂಡಿಗೇರಿಯಲ್ಲಿ ಕರೆಂಟು ಹೋದರೂ ನನ್ನ ಮೊಬೈಲಿನ ಚದುರಂಗ ನಿಲ್ಲುತ್ತಿರಲಿಲ್ಲ. 3 ನಿಮಿಷದ ಆಟ. ಮಂತ್ರಿಯನ್ನು ಮೊದಲೇ ಹೊರಗೆಳೆದು ದಾಳಿಗಿಳಿಯುವುದು ನನ್ನ ಚಾಳಿ. ಎದುರಾಳಿಯ ಕುದುರೆ, ಒಂಟೆ ಅದನ್ನೇ ಅಟ್ಟಾಡಿಸುತ್ತಿದ್ದವು. ರೇಟಿಂಗು ಕದಲಲಿಲ್ಲ.

ಈಗ 10 ನಿಮಿಷದ ಆಟ, ದಿನಕ್ಕೆ ಎರಡೇ. ಸೋತದ್ದನ್ನು ಲಿಚೆಸ್ ಚದುರಂಗ ತಾಣದಲ್ಲಿ ಮತ್ತೆ ತಿರುವಿ ನೋಡುತ್ತೇನೆ. ಅಲ್ಲಿನ ಎಂಜಿನ್ ಹೇಳುವ ಮೊದಲೇ ಎಡವಿದ್ದೆಲ್ಲಿ ಎಂದು ನಾನೇ ಹುಡುಕಬೇಕು. ನಿನ್ನೆ ಸಿಕ್ಕದ್ದು 14ನೇ ನಡೆ: ಎದುರಿನ ಕುದುರೆ ಒಂದೇ ಜಿಗಿತಕ್ಕೆ ರಾಜನಿಗೆ ಚೆಕ್ ಕೊಟ್ಟು, ಆನೆಗೂ ಬಾಯಿ ಹಾಕಿತ್ತು. ಈ ಪ್ರಾಣಿಯನ್ನು ನಾನು ನೆಟ್ಟಗೆ ನೋಡಿದವನೇ ಅಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದೇ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಾಡಿಸಿ, ಹೆಜ್ಜೆಯ ಅಂಕಿಗಳು ಅಡ್ಡಕ್ಕೂ ಉದ್ದಕ್ಕೂ ಕೂಡಿದರೆ 260 ಆಗುವಂತೆ ಹೊಂದಿಸಿದ್ದರು. ಹಾಗೆ ಓಡಿಸಲು ಹೋಗಿ ನಾನು ಎಂಟು ಮನೆ ದಾಟಿಸುವಷ್ಟರಲ್ಲಿ ಚಹಾ ಆರಿಹೋಯಿತು.