ಇಂಗ್ಲಿಷ್ ಪದಗಳ ಅರ್ಥ ಮತ್ತು ಮೂಲ: ಗಡಿನಾಡಿನ ತರಗತಿಗೆ ಕೆಲವು ಸೂಚನೆಗಳು

(ರೊಳ್ಳದಲ್ಲಿ ಕನ್ನಡ ಮಾಧ್ಯಮ ಶಿಕ್ಷಕರಿಗೆ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಪದಗಳನ್ನು ಕಲಿಸುವ ಕ್ರಮ ಬಹುಕಾಲದಿಂದ ಒಂದೇ ಬಗೆಯದು. ಕಪ್ಪುಹಲಗೆಯ ಎಡಭಾಗದಲ್ಲಿ ಇಂಗ್ಲಿಷ್ ಪದ, ಬಲಭಾಗದಲ್ಲಿ ಕನ್ನಡದ ಒಂದು ಅರ್ಥ, ನಡುವೆ ಒಂದು ಗೆರೆ. ಮಕ್ಕಳು ಅದನ್ನು ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯ ಮಟ್ಟಿಗೆ ಇದು ಸಾಲಬಹುದು. ಆದರೆ ಅದೇ ಪದ ಮತ್ತೊಂದು ವಾಕ್ಯದಲ್ಲಿ ಎದುರಾದಾಗ ಮಗು ದಿಕ್ಕುಗಾಣದೆ ನಿಲ್ಲುತ್ತದೆ.

'ಕರೆಂಟ್' ಎಂಬ ಪದವನ್ನೇ ತೆಗೆದುಕೊಳ್ಳಿ. ಪಂಪ್‌ಸೆಟ್ಟಿನ ಮನೆಯ ಮಗುವಿಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅದು ವಿದ್ಯುತ್ತು. ಅದೇ ಮಗು ಮುಂದೆ 'ಕರೆಂಟ್ ಅಫೇರ್ಸ್' ಎಂಬುದನ್ನು ಓದಿದಾಗ ವಿದ್ಯುತ್ತಿಗೂ ಸುದ್ದಿಗೂ ಏನು ಸಂಬಂಧವೆಂದು ಬೆರಗಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ 'ಕುರ್ರೆರೆ' ಎಂದರೆ ಓಡು. ಓಡುವ ನೀರು, ತಂತಿಯಲ್ಲಿ ಓಡುವ ವಿದ್ಯುತ್ತು, ಈಗ ನಡೆಯುತ್ತಿರುವ ವಿದ್ಯಮಾನ, ಈ ಮೂರೂ ಒಂದೇ ಬೇರಿನ ಚಿಗುರುಗಳು. ನಾವು 'ಪ್ರಚಲಿತ' ಎನ್ನುವಾಗಲೂ ಒಳಗಿರುವುದು ಚಲನೆಯೇ ಅಲ್ಲವೆ? ಇಷ್ಟನ್ನು ತಿಳಿಸಲು ಎರಡು ನಿಮಿಷ ಸಾಕು. ಮೂರು ಅರ್ಥಗಳನ್ನು ಬಿಡಿಬಿಡಿಯಾಗಿ ಉರುಹೊಡೆಯುವ ಶ್ರಮ ತಪ್ಪುತ್ತದೆ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಕರ್ನಾಟಕದ ಕಡೆ 'ಜಿಲ್ಲಾಧಿಕಾರಿ' ಎಂದು ಬರೆಯುವಲ್ಲಿ ನಮ್ಮ ಮಕ್ಕಳು ಕೇಳುತ್ತ ಬೆಳೆಯುವುದು 'ಕಲೆಕ್ಟರ್' ಎಂಬ ಮಾತನ್ನು. ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ, 1772ರಲ್ಲಿ, ಕಂದಾಯ ಕೂಡಿಸುವುದಕ್ಕೆಂದು ಸೃಷ್ಟಿಯಾದ ಹುದ್ದೆ ಇದು. ನಮ್ಮ ಅನಂತಪುರವೂ ಸೇರಿದ್ದ ದತ್ತಮಂಡಲಕ್ಕೆ 1800ರಿಂದ 1807ರವರೆಗೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರ್ ಆಗಿದ್ದನು. ಈ ಪದದ ಒಳಗಿರುವುದು ಲ್ಯಾಟಿನ್ನಿನ 'ಲೆಗೆರೆ', ಅಂದರೆ ಆಯುವುದು, ಹೆಕ್ಕುವುದು. ಹಲವು ಕಡೆಗಳಿಂದ ಆಯ್ದು ಒಂದೆಡೆ ಕೂಡಿಸುವವನು ಕಲೆಕ್ಟರ್. ಹಲವರಲ್ಲಿ ಒಬ್ಬರನ್ನು ಆಯುವುದು ಎಲೆಕ್ಷನ್. ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿಕೊಳ್ಳುವುದೆಂದರೆ ಓದುವುದು. ಆದ್ದರಿಂದಲೇ ಲೆಕ್ಚರ್ ಎಂದರೆ ಮೊದಲಿಗೆ ಓದು, ಲೆಸನ್ ಎಂದರೂ ಓದು. ನಮ್ಮ ತಾಯಂದಿರು ಮೊರದಲ್ಲಿ ಕಾಳು ಆಯುತ್ತಾರೆ. ಆ 'ಆಯು' ಧಾತುವಿನಿಂದಲೇ ನಮ್ಮ 'ಆಯ್ಕೆ' ಬಂದಿತು. ಮೊರದ ಕಾಳಿನಿಂದ ಚುನಾವಣೆಯವರೆಗೆ ಕನ್ನಡವೂ ಲ್ಯಾಟಿನ್ನೂ ಬೇರೆಬೇರೆಯಾಗಿ ಒಂದೇ ದಾರಿಯಲ್ಲಿ ನಡೆದಿವೆ. ಇದನ್ನು ಕಂಡ ಮಗು ಇಂಗ್ಲಿಷನ್ನು ಪರಕೀಯವಾದ ಒಗಟೆಂದು ಹೆದರಲಾರದು.

ಗಡಿನಾಡಿನ ಮಗುವಿಗೆ ಇಂಗ್ಲಿಷ್ ಮೂರನೆಯ ಹೊರೆ ಎಂಬ ಮಾತನ್ನು ಸಭೆಗಳಲ್ಲಿ ಬಹಳ ಕೇಳಿದ್ದೇನೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮತ್ತು ಸಂತೆಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷ್. ಹೊರೆ ಇರುವುದು ನಿಜ. ಆದರೆ ಈ ಮಗುವಿನ ಕೈಯಲ್ಲಿ ಒಂದು ಸಲಕರಣೆಯೂ ಇದೆ, ಅದನ್ನು ನಾವು ಬಳಸುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿ 'ಬ್ಯಾಂಡಿಕೂಟ್' ಎನ್ನುತ್ತಾರೆ. ಇದು ತೆಲುಗಿನ 'ಪಂದಿಕೊಕ್ಕು'. ಹಂದಿಯಂಥ ಇಲಿ ಎಂದರ್ಥ. ತೆಲುಗಿನ 'ಪಂದಿ'ಯೇ ಹಳಗನ್ನಡದಲ್ಲಿಯೂ 'ಪಂದಿ'; ನಡುಗನ್ನಡದ ಹೊತ್ತಿಗೆ ಪಕಾರ ಹಕಾರವಾಗಿ 'ಹಂದಿ' ಆಯಿತು. ಪಾಲು ಹಾಲಾದಂತೆ, ಪಾವು ಹಾವಾದಂತೆ. ತೆಲುಗಿನವರು ಇಂದಿಗೂ 'ಪಾಲು', 'ಪಾಮು' ಎಂದೇ ಅನ್ನುತ್ತಾರೆ. ಹೀಗೆ ಒಂದು ಇಂಗ್ಲಿಷ್ ಪದದ ನೆಪದಲ್ಲಿ ಹಳಗನ್ನಡದ ವ್ಯಾಕರಣಪಾಠವೇ ನಡೆದುಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಹೊಟ್ಟೆಚೀಲವಿರುವ ಒಂದು ಸಣ್ಣ ಪ್ರಾಣಿಗೂ ಇಂಗ್ಲಿಷರು ಇದೇ ಹೆಸರನ್ನಿಟ್ಟರು. ಈ ಪದವನ್ನು ಒಡೆದು ನೋಡಬಲ್ಲ ಮಗು ಲಂಡನ್ನಿನಲ್ಲಿಲ್ಲ, ರೊಳ್ಳದಲ್ಲಿದೆ.

ಹಾಗೆಯೇ ಹುಣಸೆ. ಹಿಂದೂಪುರದ ಮಾರುಕಟ್ಟೆಗೆ ಹೋಗುವ ಹುಣಸೆಯನ್ನು ನಮ್ಮ ಮಕ್ಕಳು ಬಲ್ಲರು. 'ಟ್ಯಾಮರಿಂಡ್' ಎಂಬುದು ಅರಬ್ಬಿಯ 'ತಮ್ರ್ ಹಿಂದೀ', ಅಂದರೆ ಹಿಂದ್ ದೇಶದ ಖರ್ಜೂರ. ಮರದ ಮೂಲ ಆಫ್ರಿಕವಾದರೂ ಹೆಸರಿನಲ್ಲಿ ಭಾರತವೇ ಉಳಿಯಿತು. 'ಮ್ಯಾಂಗೋ' ಪೋರ್ಚುಗೀಸರ ಮೂಲಕ ಹೋದ ದ್ರಾವಿಡದ 'ಮಾಂಗಾ'. 'ಶುಗರ್' ಅರಬ್ಬಿಯನ್ನು ಹಾದು ಹೋದ ಸಂಸ್ಕೃತದ 'ಶರ್ಕರಾ'. ತಿರುಗಿ ನೋಡಿದರೆ, ತರಗತಿಯ 'ಮೇಜು' ಅಚ್ಚಗನ್ನಡವೆಂದು ನಂಬಿದವರು ನಮ್ಮಲ್ಲಿಯೇ ಇದ್ದಾರೆ; ಅದು ಪೋರ್ಚುಗೀಸರ 'ಮೇಸ'.

ವ್ಯಾಕರಣ ಬೋಧಿಸುವವರಿಗೆ 'ಬಸ್' ಪದವನ್ನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಲ್ಯಾಟಿನ್ನಿನ 'ಓಮ್ನಿಬಸ್' ಎಂದರೆ 'ಎಲ್ಲರಿಗೆ'. ಚತುರ್ಥೀ ವಿಭಕ್ತಿಯ ಬಹುವಚನ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಎಲ್ಲರೂ ಹತ್ತಬಹುದಾದ ಕುದುರೆಗಾಡಿಗೆ ಈ ಹೆಸರು ಬಂದಿತು. 1829ರಲ್ಲಿ ಅಂಥ ಗಾಡಿ ಲಂಡನ್ನಿನಲ್ಲಿ ಓಡಿತು. ಮುಂದೆ ಜನರು ಪದದ ತಲೆಯನ್ನು ಬಿಟ್ಟು ಬಾಲವನ್ನಷ್ಟೇ ಉಳಿಸಿಕೊಂಡರು. ಆ ಬಾಲವೇ 'ಬಸ್'. ಅದಕ್ಕೆ ಅರ್ಥವೇ ಇಲ್ಲ; ಅದು ಬರಿಯ ಪ್ರತ್ಯಯದ ತುಣುಕು. ನಾವು 'ಬಸ್ಸಿಗೆ ಹೊತ್ತಾಯಿತು' ಎಂದಾಗ ಒಂದು ಚತುರ್ಥಿಯ ಮೇಲೆ ಮತ್ತೊಂದು ಚತುರ್ಥಿಯನ್ನು ಹೇರುತ್ತಿರುತ್ತೇವೆ. ಮಡಕಶಿರದ ಬಸ್ಸಿನಲ್ಲಿ ದಿನವೂ ಬರುವ ಶಿಕ್ಷಕರಿಗೆ ಇದು ದಾರಿಯ ಬೇಸರವನ್ನಾದರೂ ಕಳೆದೀತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪದಮೂಲದ ಹೆಸರಿನಲ್ಲಿ ಕಟ್ಟುಕಥೆಗಳು ಬಹಳ ಹರಡಿವೆ. 'ನ್ಯೂಸ್' ಎಂಬುದು ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ದಿಕ್ಕುಗಳ ಮೊದಲಕ್ಷರಗಳಿಂದ ಆದದ್ದೆಂದು ತರಬೇತಿಗಳಲ್ಲಿ ಕೂಡ ಹೇಳುವುದುಂಟು. ಅದು ಸುಳ್ಳು. ಹೊಸದು ಎಂಬರ್ಥದ 'ನ್ಯೂ' ಪದದ ಬಹುವಚನವೇ 'ನ್ಯೂಸ್': ಹೊಸ ಸಂಗತಿಗಳು. ಧ್ವನಿ ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ಯಾವುದೋ ಪದವನ್ನು ನಮ್ಮದೆಂದು ಸಾರುವ ಅಭಿಮಾನವೂ ಇದೇ ಜಾತಿಯದು. ಪದವು ಯಾವ ಕಾಲದಲ್ಲಿ, ಯಾರ ಮೂಲಕ ಪ್ರಯಾಣಿಸಿತೆಂಬುದಕ್ಕೆ ಸಾಕ್ಷಿ ಇರಬೇಕು. ಜೇಬಿನ ಪುಟ್ಟ ನಿಘಂಟುಗಳಲ್ಲಿ ಅದು ಸಿಗದು. ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಪದಮೂಲವನ್ನು ಬೇರೆಯಾಗಿ ಕೊಟ್ಟಿರುತ್ತಾರೆ. ಕನ್ನಡದ ಪದಗಳಿಗೆ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲರ ಕೋಶ ಇಂದಿಗೂ ಕೈಬಿಡುವಂಥದ್ದಲ್ಲ.

ಹೋಲಿಕೆ ನಿಜವಾಗಿಯೂ ಇರುವ ಕಡೆ ಅದನ್ನು ಸಂಕೋಚವಿಲ್ಲದೆ ತೋರಿಸಬಹುದು. 'ಟೀಚ್' ಕ್ರಿಯಾಪದದ ಹಳೆಯ ಅರ್ಥ ತೋರಿಸು ಎಂದು. ಸಂಸ್ಕೃತದ 'ದಿಶ್' ಧಾತುವೂ ಇದೂ ಒಂದೇ ಮೂಲದವೆಂದು ಭಾಷಾವಿಜ್ಞಾನಿಗಳು ನಿರ್ಧರಿಸಿದ್ದಾರೆ. ದಿಕ್ಕು, ನಿರ್ದೇಶ, ಉಪದೇಶ ಇವೆಲ್ಲ ಆ ಧಾತುವಿನಿಂದ ಬಂದವು.

ಬರುವ ವಾರ ತಾವು ದಿನಕ್ಕೊಂದು ಪದದಂತೆ, ಪಾಠದ ಕೊನೆಯ ಐದು ನಿಮಿಷಗಳಲ್ಲಿ, ಕರೆಂಟ್, ಕಲೆಕ್ಟರ್, ಬ್ಯಾಂಡಿಕೂಟ್, ಟ್ಯಾಮರಿಂಡ್, ಬಸ್ ಇವನ್ನು ಎತ್ತಿಕೊಳ್ಳಿ. ಆರನೆಯ ದಿನ ಪದವನ್ನು ಮಕ್ಕಳೇ ತರಲಿ. ಅದರ ಮೂಲ ತಮಗೆ ತಿಳಿಯದಿದ್ದರೆ 'ನಾಳೆ ನೋಡಿ ಹೇಳುತ್ತೇನೆ' ಎನ್ನಿ, ನಿಘಂಟನ್ನು ಮಕ್ಕಳ ಎದುರಿನಲ್ಲಿಯೇ ತೆರೆಯಿರಿ.