ಹುಣ್ಣು ಮಾಯ್ದರೂ ರೋಗ ಹೋಗಿಲ್ಲ: ಹರ್ಪಿಸ್ ಬಗ್ಗೆ ಗಂಡಸರಿಗೆ ನಾಲ್ಕು ಮಾತು

(ಪುರುಷರ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮಹಿಳೆಯರ ಸಭೆಗಳಲ್ಲಿ ಬಿಳುಪು ಹೋಗುವುದು, ಮುಟ್ಟಿನ ತೊಂದರೆ, ಗರ್ಭಕೋಶದ ಸಮಸ್ಯೆ ಎಲ್ಲವೂ ಚರ್ಚೆಗೆ ಬರುತ್ತವೆ. ಮೊದಲು ನಾಚಿಕೆಪಟ್ಟರೂ ಆಮೇಲೆ ಅವರು ಬಾಯಿಬಿಟ್ಟು ಕೇಳುತ್ತಾರೆ. ನಮ್ಮ ಗಂಡಸರ ಸಭೆಗಳಲ್ಲಿ ಸಾಲ, ಬೆಳೆ, ಕುಡಿತ ಇಷ್ಟರಲ್ಲೇ ಮಾತು ಮುಗಿಯುತ್ತದೆ. ಸೊಂಟದ ಕೆಳಗಿನ ಕಾಯಿಲೆ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳದೆ ಇದ್ದರೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ. ಮೆಡಿಕಲ್ ಶಾಪಿನಲ್ಲಿ ಮೆಲ್ಲಗೆ ಕೇಳಿ ಒಂದು ಟ್ಯೂಬ್ ಮುಲಾಮು ತಂದು, ಹಚ್ಚಿಕೊಂಡು ಸುಮ್ಮನಾಗುತ್ತೇವೆ, ಅಷ್ಟೇ. ಹಾಗೆ ಮುಚ್ಚಿಡುವ ಕಾಯಿಲೆಗಳಲ್ಲಿ ಒಂದರ ಬಗ್ಗೆ ಇವತ್ತು ಮಾತಾಡೋಣ. ಅದರ ಹೆಸರು ಜನನಾಂಗದ ಹರ್ಪಿಸ್.

ಇದು ಯಾವ ಕಾಯಿಲೆ?

ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್‌ನಿಂದ ಬರುವ ರೋಗ ಇದು. ಈ ವೈರಸ್‌ನಲ್ಲಿ ಎರಡು ಬಗೆ. ಒಂದನೇ ಬಗೆ ಹೆಚ್ಚಾಗಿ ಬಾಯಿ, ತುಟಿಯಲ್ಲಿ ಗುಳ್ಳೆ ತರುತ್ತದೆ. ಜ್ವರ ಬಂದಾಗ ಕೆಲವರ ತುಟಿಯ ಅಂಚಿನಲ್ಲಿ ಗುಳ್ಳೆ ಏಳುವುದನ್ನು ನೀವು ನೋಡಿರುತ್ತೀರಿ. ಎರಡನೇ ಬಗೆ ಹೆಚ್ಚಾಗಿ ಜನನಾಂಗದಲ್ಲಿ ಬರುತ್ತದೆ ಮತ್ತು ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಬಾಯಿಯ ಸಂಪರ್ಕದಿಂದ ಒಂದನೇ ಬಗೆಯೂ ಜನನಾಂಗಕ್ಕೆ ಬರಬಹುದು.

ಹರ್ಪಿಸ್ ಅಂದ ಕೂಡಲೇ ಕೆಲವರು "ಓ, ಸರ್ಪಸುತ್ತು" ಅನ್ನುತ್ತಾರೆ. ಹೆಸರಿನಲ್ಲಿ ಹೋಲಿಕೆ ಇದ್ದರೂ ಅದು ಬೇರೆ, ಇದು ಬೇರೆ. ಸರ್ಪಸುತ್ತು ಬರುವುದು ಚಿಕನ್‌ಪಾಕ್ಸ್ ತರುವ ವೈರಸ್‌ನಿಂದ. ಅದು ಲೈಂಗಿಕ ರೋಗವಲ್ಲ, ನಾಗದೋಷವೂ ಅಲ್ಲ.

ಈ ರೋಗ ಅಪರೂಪದ್ದೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 15ರಿಂದ 49 ವರ್ಷದೊಳಗಿನ ಸುಮಾರು 52 ಕೋಟಿ ಜನರಲ್ಲಿ ಎರಡನೇ ಬಗೆಯ ವೈರಸ್ ಇತ್ತು. ಅಂದರೆ ನೂರಕ್ಕೆ ಹದಿಮೂರು ಮಂದಿ. ಇವರಲ್ಲಿ ಬಹಳಷ್ಟು ಜನರಿಗೆ ತಮಗೆ ಈ ಸೋಂಕು ಇದೆ ಎಂಬುದೇ ಗೊತ್ತಿಲ್ಲ.

ಗುರುತಿಸುವುದು ಹೇಗೆ?

ಸೋಂಕು ತಗುಲಿದ 2ರಿಂದ 12 ದಿನಗಳಲ್ಲಿ ಮೊದಲ ಲಕ್ಷಣಗಳು ಕಾಣಬಹುದು. ಮೊದಲು ಆ ಜಾಗದಲ್ಲಿ ಜುಮುಗುಟ್ಟುವುದು, ತುರಿಕೆ, ಉರಿ. ಆಮೇಲೆ ಕೆಂಪಗಾದ ಚರ್ಮದ ಮೇಲೆ ಸಣ್ಣ ಸಣ್ಣ ನೀರ್ಗುಳ್ಳೆಗಳು ಗುಂಪಾಗಿ ಏಳುತ್ತವೆ. ಗಂಡಸರಲ್ಲಿ ಇವು ಶಿಶ್ನದ ತುದಿ, ಮುಂದೊಗಲು, ದಂಡದ ಭಾಗ, ವೃಷಣದ ಚೀಲ, ತೊಡೆ, ಪೃಷ್ಠ ಅಥವಾ ಗುದದ್ವಾರದ ಸುತ್ತ ಬರಬಹುದು. ಎರಡು ಮೂರು ದಿನಗಳಲ್ಲಿ ಗುಳ್ಳೆ ಒಡೆದು ನೋವಿನ ಹುಣ್ಣಾಗುತ್ತದೆ. ಕೊನೆಗೆ ಹಕ್ಕಳೆ ಕಟ್ಟಿ ಉದುರಿ ಹೋಗುತ್ತದೆ.

ಮೊದಲ ಸಲ ಬಂದಾಗ ಜೋರಾಗಿಯೇ ಇರುತ್ತದೆ. ಜ್ವರ, ತಲೆನೋವು, ಮೈಕೈ ನೋವು, ತೊಡೆಸಂದಿನಲ್ಲಿ ನೋಯುವ ಗಂಟು, ಮೂತ್ರ ಮಾಡುವಾಗ ಉರಿ ಇವೆಲ್ಲ ಜೊತೆಗೂಡಬಹುದು. ಚಿಕಿತ್ಸೆ ಇಲ್ಲದಿದ್ದರೆ ಪೂರ್ತಿ ಮಾಯಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಆದರೆ ಎಲ್ಲರಿಗೂ ಹೀಗಾಗುವುದಿಲ್ಲ. ಕೆಲವರಿಗೆ ಒಂದು ಸಣ್ಣ ಗೀರು ಅಥವಾ ತರಚಿದಂತೆ ಮಾತ್ರ ಕಾಣುತ್ತದೆ. "ಉಷ್ಣ ಆಗಿದೆ, ಎಳನೀರು ಕುಡಿದರೆ ಸರಿಹೋಗುತ್ತೆ" ಅಂದುಕೊಂಡು ಬಿಟ್ಟುಬಿಡುತ್ತಾರೆ. ಹುಣ್ಣು ತಾನಾಗಿಯೇ ಮಾಯುವುದರಿಂದ, ಎಳನೀರಿನಿಂದಲೇ ವಾಸಿಯಾಯಿತು ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಎಲ್ಲ ಹುಣ್ಣೂ ಹರ್ಪಿಸ್ ಅಲ್ಲ

ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ನೋವಿಲ್ಲದ, ಅಂಚು ಗಟ್ಟಿಯಾದ ಒಂಟಿ ಹುಣ್ಣು ಸಿಫಿಲಿಸ್ ಆಗಿರಬಹುದು. ಅದೂ ತಾನಾಗಿಯೇ ಮಾಯುತ್ತದೆ. ಆದರೆ ರೋಗ ಒಳಗೇ ಉಳಿದು, ವರ್ಷಗಳ ನಂತರ ಹೃದಯ, ಮೆದುಳನ್ನು ಕೆಡಿಸಬಲ್ಲದು. ಸಮಾಧಾನದ ವಿಷಯವೆಂದರೆ, ಸಿಫಿಲಿಸ್ ಅನ್ನು ಪೆನ್ಸಿಲಿನ್ ಚುಚ್ಚುಮದ್ದಿನಿಂದ ಪೂರ್ತಿ ಗುಣಪಡಿಸಬಹುದು. ತೊಡೆಸಂದಿನಲ್ಲಿ ಉಂಗುರದಂತೆ ಹರಡಿ ತುರಿಸುವುದು ಹುಳುಕಡ್ಡಿ ಇರಬಹುದು. ರಾತ್ರಿ ಹೊತ್ತು ತುರಿಕೆ ಜಾಸ್ತಿಯಾಗಿ, ಮನೆಯವರಿಗೂ ಇದ್ದರೆ ಕಜ್ಜಿ ಇರಬಹುದು. ಹುಣ್ಣಿನ ಚಹರೆ ನೋಡಿಯೇ ಖಚಿತವಾಗಿ ಹೇಳುವುದು ಅನುಭವಿ ವೈದ್ಯರಿಗೂ ಕೆಲವೊಮ್ಮೆ ಕಷ್ಟ. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಚಹರೆಯೇ ಬದಲಾಗಿ ಇನ್ನೂ ಕಷ್ಟವಾಗುತ್ತದೆ, ರೋಗವೂ ಹೆಚ್ಚಬಹುದು.

ಆದ್ದರಿಂದ ಹುಣ್ಣು ಹಸಿಯಾಗಿರುವಾಗಲೇ ಹೋಗಿ ತೋರಿಸಿ. ಹಸಿ ಹುಣ್ಣಿನಿಂದ ದ್ರವ ತೆಗೆದು ಪಿಸಿಆರ್ ಪರೀಕ್ಷೆ ಮಾಡಿದರೆ ವೈರಸ್ ಇದೆಯೇ ಎಂದು ಚೆನ್ನಾಗಿ ತಿಳಿಯುತ್ತದೆ. ಮಾಯ್ದ ಮೇಲೆ ಹೋದರೆ ನೋಡಲು ಏನೂ ಇರುವುದಿಲ್ಲ. ಹರ್ಪಿಸ್‌ಗೆ ಐಜಿಎಂ ಎಂಬ ರಕ್ತಪರೀಕ್ಷೆಯನ್ನು ನಂಬಬೇಡಿ, ಅದು ಸರಿಯಾದ ಉತ್ತರ ಕೊಡುವುದಿಲ್ಲ. ಹುಣ್ಣು ಯಾವುದೇ ಇರಲಿ, ಸಿಫಿಲಿಸ್ ಮತ್ತು ಎಚ್‌ಐವಿ ರಕ್ತಪರೀಕ್ಷೆ ಮಾಡಿಸಲೇಬೇಕು. ಎರಡನೇ ಬಗೆಯ ಹರ್ಪಿಸ್ ಇದ್ದವರಿಗೆ ಎಚ್‌ಐವಿ ತಗುಲುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚು.

ಮತ್ತೆ ಮತ್ತೆ ಯಾಕೆ ಬರುತ್ತದೆ?

ಚರ್ಮದ ಹುಣ್ಣು ಮಾಯ್ದರೂ ವೈರಸ್ ಸಾಯುವುದಿಲ್ಲ. ನರದ ಮೂಲಕ ಬೆನ್ನುಹುರಿಯ ಕೆಳತುದಿಯ ಹತ್ತಿರವಿರುವ ನರಗಂಟುಗಳಿಗೆ ಹೋಗಿ ಅಲ್ಲೇ ಮಲಗಿರುತ್ತದೆ. ಜ್ವರ, ನಿದ್ದೆಗೆಟ್ಟ ಆಯಾಸ, ಮನಸ್ಸಿನ ಒತ್ತಡ, ಚರ್ಮದ ತಿಕ್ಕಾಟ ಇಂಥ ಸಂದರ್ಭದಲ್ಲಿ ಎದ್ದು ಅದೇ ನರದ ದಾರಿಯಲ್ಲಿ ಕೆಳಗಿಳಿಯುತ್ತದೆ. ಹಾಗಾಗಿ ಸಾಮಾನ್ಯವಾಗಿ ಅದೇ ಜಾಗದಲ್ಲೇ ಮತ್ತೆ ಗುಳ್ಳೆ. ಮರುಕಳಿಸಿದಾಗ ನೋವು ಕಡಿಮೆ, ಒಂದು ವಾರ ಹತ್ತು ದಿನದೊಳಗೆ ಮಾಯುತ್ತದೆ. ಮೊದಲ ವರ್ಷ ಹೆಚ್ಚು ಸಲ ಬರಬಹುದು, ವರ್ಷ ಕಳೆದಂತೆ ಕಡಿಮೆಯಾಗುತ್ತದೆ. ಒಂದನೇ ಬಗೆಯ ವೈರಸ್ ಜನನಾಂಗದಲ್ಲಿ ಬಂದರೆ ಮರುಕಳಿಸುವುದು ಇನ್ನೂ ಕಡಿಮೆ.

ಚಿಕಿತ್ಸೆ ಏನು?

ವೈರಸ್ಸನ್ನು ಬೇರುಸಹಿತ ಕಿತ್ತುಹಾಕುವ ಔಷಧಿ ಇಲ್ಲ. ಲಸಿಕೆಯೂ ಇಲ್ಲ. "ಶಾಶ್ವತ ಪರಿಹಾರ, ಗುಪ್ತ ಚಿಕಿತ್ಸೆ" ಎಂಬ ಗೋಡೆ ಜಾಹೀರಾತುಗಳಿಗೆ ದುಡ್ಡು ಸುರಿಯಬೇಡಿ. ಆದರೆ ರೋಗವನ್ನು ಹತೋಟಿಯಲ್ಲಿಡುವ ಒಳ್ಳೆಯ ಮಾತ್ರೆ ಇದೆ, ಅಸೈಕ್ಲೋವಿರ್. ಈ ಔಷಧಿ ಬರಲು ಕಾರಣವಾದ ಸಂಶೋಧನೆ ಮಾಡಿದವರಲ್ಲಿ ಪ್ರಮುಖರಾದ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಮೊದಲ ಸಲ ಬಂದಾಗ ಸಾಮಾನ್ಯವಾಗಿ 400 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಹೊತ್ತು, 7ರಿಂದ 10 ದಿನ ಕೊಡುತ್ತಾರೆ. ಮರುಕಳಿಸಿದಾಗ 5 ದಿನ ಸಾಕಾಗಬಹುದು. ಆದರೆ ಜುಮುಗುಟ್ಟಲು ಶುರುವಾದ ಒಂದು ದಿನದೊಳಗೆ ಆರಂಭಿಸಿದರೆ ಮಾತ್ರ ಹೆಚ್ಚು ಪ್ರಯೋಜನ. ಪದೇ ಪದೇ ಬಂದು ಕಾಡುವವರಿಗೆ ವೈದ್ಯರು ದಿನವೂ ಎರಡು ಹೊತ್ತಿನಂತೆ ತಿಂಗಳುಗಟ್ಟಲೆ ಮಾತ್ರೆ ಕೊಡುತ್ತಾರೆ. ಇದರಿಂದ ಮರುಕಳಿಸುವುದು ನೂರಕ್ಕೆ ಎಪ್ಪತ್ತು ಎಂಬತ್ತು ಪಾಲು ಕಡಿಮೆಯಾಗುತ್ತದೆ. ಇಲ್ಲಿ ಲೆಕ್ಕ ಹೇಳಿದ್ದು ನಿಮ್ಮ ತಿಳಿವಳಿಕೆಗೆ, ನೀವೇ ತಂದು ನುಂಗುವುದಕ್ಕಲ್ಲ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು, ಅವರಿಗೆ ಪ್ರಮಾಣ ಬೇರೆ. ಅಸೈಕ್ಲೋವಿರ್ ಮುಲಾಮನ್ನು ಮೇಲೆ ಹಚ್ಚುವುದರಿಂದ ಜನನಾಂಗದ ಹುಣ್ಣಿಗೆ ಹೆಚ್ಚೇನೂ ಲಾಭವಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು: ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮೆತ್ತಗೆ ತೊಳೆದು ಒಣಗಿಸಿ. ಸಡಿಲವಾದ ಹತ್ತಿ ಒಳಉಡುಪು ಹಾಕಿ. ಚೆನ್ನಾಗಿ ನೀರು ಕುಡಿಯಿರಿ, ಮೂತ್ರದ ಉರಿ ಕಡಿಮೆಯಾಗುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಗುಳ್ಳೆಯನ್ನು ಚಿವುಟಬೇಡಿ. ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ, ಅದೇ ಕೈಯಲ್ಲಿ ಕಣ್ಣು ಉಜ್ಜಬೇಡಿ. ಡೆಟಾಲ್, ಸುಣ್ಣ, ಬ್ಯಾಟರಿ ನೀರು ಇಂಥದ್ದೇನೂ ಹಚ್ಚಬೇಡಿ.

ಮೂತ್ರ ಕಟ್ಟಿಕೊಂಡರೆ, ಕತ್ತು ಬಿಗಿದು ಜೋರು ತಲೆನೋವು ಬಂದರೆ, ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹುಣ್ಣು ತಿಂಗಳಾದರೂ ಮಾಯದಿದ್ದರೂ ತಡಮಾಡಬೇಡಿ.

ಖರ್ಚಿನ ಚಿಂತೆ ಬೇಡ. ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳಿಗೆ ಸರ್ಕಾರದ ಉಚಿತ ಚಿಕಿತ್ಸೆ ಇದೆ. ಅಲ್ಲಿ ಆಪ್ತಸಮಾಲೋಚಕರು ಬಾಗಿಲು ಹಾಕಿಕೊಂಡು ನಿಮ್ಮ ಜೊತೆ ಮಾತಾಡುತ್ತಾರೆ. ಎಚ್‌ಐವಿ, ಲೈಂಗಿಕ ರೋಗಗಳ ಮಾಹಿತಿಗೆ 1097 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಇದೆ. ಹೆಸರು ಹೇಳದೆ ಕೇಳಬಹುದು.

ಮನೆಯಲ್ಲಿ ಹೇಳುವುದು ಹೇಗೆ?

ಔಷಧಿಗಿಂತ ಕಷ್ಟದ ಭಾಗ ಇದೇ. ಹರ್ಪಿಸ್ ಅಂತ ಗೊತ್ತಾದ ತಕ್ಷಣ ಮೊದಲು ಏಳುವ ಪ್ರಶ್ನೆ "ಯಾರಿಂದ ಬಂತು?" ಎಷ್ಟೋ ಮನೆ ಮುರಿಯುವುದು ಈ ಪ್ರಶ್ನೆಯಿಂದ. ಇವತ್ತು ಮೊದಲ ಸಲ ಹುಣ್ಣು ಕಂಡರೂ ಸೋಂಕು ಇವತ್ತಿನದೇ ಆಗಿರಬೇಕಿಲ್ಲ. ವರ್ಷಗಟ್ಟಲೆ ಮೈಯಲ್ಲಿ ಸುಮ್ಮನಿದ್ದು ಈಗ ಎದ್ದಿರಬಹುದು, ಮದುವೆಗೂ ಮುಂಚಿನದೂ ಆಗಿರಬಹುದು. ಯಾವ ಪರೀಕ್ಷೆಯೂ ಯಾರಿಂದ, ಯಾವತ್ತು ಬಂತು ಎಂದು ಹೇಳಲಾರದು. ಹಾಗಿರುವಾಗ ಹೆಂಡತಿಯ ಮೇಲೆ ಅನುಮಾನಪಡುವುದು, ಹೊಡೆಯುವುದು, ತವರಿಗೆ ಕಳಿಸುವುದು ಮಹಾ ಅನ್ಯಾಯ. ಹಾಗೆಯೇ, ತಪ್ಪು ತನ್ನದೇ ಎಂದು ಗೊತ್ತಿರುವವನು ಮುಚ್ಚಿಟ್ಟು ಅವಳಿಗೂ ರೋಗ ದಾಟಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಹೇಳಬೇಕಾದ ಮಾತು ಸರಳ: "ನನಗೆ ಹೀಗೊಂದು ಸೋಂಕಿದೆ. ಡಾಕ್ಟರು ಹೇಳಿದ್ದಾರೆ. ನಿನಗೆ ಬರದ ಹಾಗೆ ನೋಡ್ಕೋಬೇಕು. ಇಬ್ಬರೂ ಹೋಗಿ ಮಾತಾಡೋಣ." ಜುಮುಗುಟ್ಟಲು ಆರಂಭವಾದ ಕ್ಷಣದಿಂದ ಹಕ್ಕಳೆ ಪೂರ್ತಿ ಉದುರುವವರೆಗೆ ದೇಹಸಂಪರ್ಕ ಬೇಡ. ಹುಣ್ಣು ಇಲ್ಲದ ದಿನಗಳಲ್ಲೂ ವೈರಸ್ ಆಗಾಗ ಚರ್ಮದ ಮೇಲೆ ಬರುತ್ತದೆ, ಆದ್ದರಿಂದ ಅಪಾಯ ಪೂರ್ತಿ ಇಲ್ಲವೆಂದು ಹೇಳಲಾಗದು. ಕಾಂಡೋಮ್ ಆ ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಇದು ವೈದ್ಯಕೀಯ ಸಂಗತಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ದಿನವೂ ವಾಲಾಸೈಕ್ಲೋವಿರ್ ಮಾತ್ರೆ ತೆಗೆದುಕೊಂಡರೆ ಸಂಗಾತಿಗೆ ಸೋಂಕು ದಾಟುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ದಂಪತಿಗಳು ವೈದ್ಯರೊಡನೆ, ಬೇಕಿದ್ದರೆ ತಮ್ಮ ಗುರುಗಳೊಡನೆಯೂ ಮಾತಾಡಿ ನಿರ್ಧರಿಸಲಿ. ದಂಪತಿಗಳು ಒಬ್ಬರಿಗೊಬ್ಬರು ನಿಷ್ಠರಾಗಿರಬೇಕೆಂಬ ಧರ್ಮಸಭೆಯ ಬೋಧನೆ ನಿಮಗೆ ಗೊತ್ತೇ ಇದೆ. ನಿಜ ಹೇಳುವುದೂ ಆ ನಿಷ್ಠೆಯ ಭಾಗವೇ.

ಹೆಂಡತಿ ಗರ್ಭಿಣಿಯಾಗಿದ್ದರೆ ಇನ್ನೂ ಎಚ್ಚರ ಬೇಕು. ಮೊದಲು ಸೋಂಕಿಲ್ಲದ ತಾಯಿಗೆ ಕೊನೆಯ ಮೂರು ತಿಂಗಳಲ್ಲಿ ಹೊಸದಾಗಿ ಹರ್ಪಿಸ್ ತಗುಲಿದರೆ ಹೆರಿಗೆಯ ವೇಳೆ ಮಗುವಿಗೆ ದಾಟುವ ಸಂಭವ ತುಂಬಾ ಹೆಚ್ಚು. ನವಜಾತ ಶಿಶುವಿನಲ್ಲಿ ಇದು ಮೆದುಳಿಗೆ ಹರಡಿ ಪ್ರಾಣವನ್ನೇ ತೆಗೆಯಬಹುದು. ನಿಮಗೆ ಹರ್ಪಿಸ್ ಇದೆ ಎಂದು ಹೆರಿಗೆ ವೈದ್ಯರಿಗೆ ತಿಳಿದಿದ್ದರೆ ಅವರು ದಾರಿ ತೋರಿಸುತ್ತಾರೆ. ಆ ಮೂರು ತಿಂಗಳು ಸಂಯಮದಿಂದಿರುವುದು ನೀವು ಮಗುವಿಗೆ ಕೊಡುವ ಮೊದಲ ಉಡುಗೊರೆ. ತುಟಿಯಲ್ಲಿ ಗುಳ್ಳೆ ಇರುವವರು, ಅಜ್ಜ ಅಜ್ಜಿಯೇ ಆಗಿರಲಿ, ಹಸುಗೂಸಿಗೆ ಮುತ್ತು ಕೊಡಬಾರದು.

ಹಾಗೆಂದು ರೋಗಿಯನ್ನು ದೂರ ಇಡಬೇಕಾಗಿಲ್ಲ. ಒಂದೇ ತಟ್ಟೆ, ಒಂದೇ ಕಕ್ಕಸು, ಕೈಕುಲುಕುವುದು ಇವುಗಳಿಂದ ಜನನಾಂಗದ ಹರ್ಪಿಸ್ ಬರುವುದಿಲ್ಲ. ದುಡಿಮೆ ನಿಲ್ಲಿಸಬೇಕಿಲ್ಲ. ಮದುವೆ, ಮಕ್ಕಳು ಎಲ್ಲವೂ ಸಾಧ್ಯ.

ಕೊನೆಯ ಮಾತು

ಮಾರ್ಕನ ಶುಭಸಂದೇಶದ ಮೊದಲನೇ ಅಧ್ಯಾಯದಲ್ಲಿ ಕುಷ್ಠರೋಗಿಯ ಪ್ರಸಂಗ ಬರುತ್ತದೆ. ಎಲ್ಲರೂ ದೂರವಿಟ್ಟ ಮನುಷ್ಯನನ್ನು ಯೇಸುಸ್ವಾಮಿ ಕೈಚಾಚಿ ಮುಟ್ಟಿದರು. ಆಮೇಲೆ ಯಾಜಕರ ಬಳಿ ಹೋಗಿ ತೋರಿಸಿಕೊಳ್ಳುವಂತೆ ಕಳುಹಿಸಿದರು. ಚರ್ಮದ ರೋಗವನ್ನು ನೋಡಿ ಹೇಳುವ ಹೊಣೆ ಆಗ ಯಾಜಕರದ್ದಾಗಿತ್ತು. ನಮ್ಮ ನಾಡಿನಲ್ಲೂ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧಿ ಕೊಡಲು ತೊಡಗಿದ ಫಾದರ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗಾಗಿಯೇ ಆಸ್ಪತ್ರೆ ತೆರೆದರು. ಜನ ಹೇಸುವ ರೋಗಗಳಿಗೆ ಬಾಗಿಲು ತೆರೆದಿಡುವುದು ಈ ಸೇವೆಯ ಹಳೆಯ ದಾರಿ. ನಮ್ಮಲ್ಲಿ ಎಲ್ಲ ಧರ್ಮದವರೂ ಇದ್ದೀರಿ, ಆ ಬಾಗಿಲು ಎಲ್ಲರಿಗೂ ತೆರೆದಿದೆ.

ಹಾಗಾಗಿ ಸಹೋದರರೇ, ನೆನಪಿಡಬೇಕಾದದ್ದು ಮೂರೇ ಮಾತು. ಹುಣ್ಣು ಹಸಿ ಇರುವಾಗಲೇ ವೈದ್ಯರಿಗೆ ತೋರಿಸಿ. ಮಾಯ್ದ ಮೇಲೂ ಎಚ್ಚರದಿಂದಿರಿ. ಮನೆಯಾಕೆಗೆ ನಿಜ ಹೇಳಿ. ಈಗ ಏನಾದರೂ ಕೇಳುವುದಿದ್ದರೆ ಕೇಳಿ. ಎಲ್ಲರೆದುರು ಸಂಕೋಚವಾದರೆ ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಕೊಡಿ, ಉತ್ತರಿಸುತ್ತೇನೆ.